ಹಂಟರ್ಸ್ ಮೂನ್ ಜಾತ್ರೆಯೋ, ಕಾನರ್ ಪ್ರೇರಿಯೋ?

ಊರಿಂದ ಅತ್ತೆ ಮಾವ ಬಂದಿದ್ದಾರೆ, ಹಳೇ ಕಾಲದ ಅಮೆರಿಕ ಹೇಗಿತ್ತು ಅಂತ ತೋರಿಸೋಣ ಅಂದರೆ ಇಂಡಿಯಾನಾ ರಾಜ್ಯದಲ್ಲಿ ಇರುವವರ ಬಾಯಲ್ಲಿ ಹಂಟರ್ಸ್ ಮೂನ್ ಜಾತ್ರೆ, ಕಾನರ್ ಪ್ರೇರಿ ಮ್ಯೂಸಿಯಂ ಅನ್ನೋ ಈ ಎರಡು ಹೆಸರು ಬಂದೇ ಬರುತ್ತವೆ. ನಾವು ಮಕ್ಕಳನ್ನು ಕಟ್ಟಿಕೊಂಡು ಎರಡನ್ನೂ ನೋಡಿದ್ದೇವೆ. ಎರಡರ ಸ್ವಭಾವವೂ ಪೂರ್ತಿ ಬೇರೆ.

ಹಂಟರ್ಸ್ ಮೂನ್ ನಡೆಯೋದು ವೆಸ್ಟ್ ಲಾಫಯೆಟ್ ಹತ್ತಿರ, ವಾಬಾಷ್ ನದಿ ದಂಡೆಯಲ್ಲಿ. ವರ್ಷಕ್ಕೆ ಎರಡೇ ದಿನ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಶುರುವಿಗೋ. 1717ರಲ್ಲಿ ಫ್ರೆಂಚರು ಇಲ್ಲಿ ವಿಯಾಟೆನಾನ್ ಅನ್ನೋ ಕೋಟೆ ಕಟ್ಟಿ, ಅಲ್ಲಿನ ಮೂಲನಿವಾಸಿಗಳಾದ ವೀಯಾ ಜನರ ಜೊತೆ ಪ್ರಾಣಿಗಳ ತುಪ್ಪಳದ ವ್ಯಾಪಾರ ಮಾಡುತ್ತಿದ್ದರು. ಚಳಿಗಾಲಕ್ಕೆ ಮುಂಚೆ ಎಲ್ಲರೂ ಸೇರುತ್ತಿದ್ದ ಆ ಸಂತೆಯನ್ನೇ 1968ರಿಂದ ಮತ್ತೆ ನಡೆಸುತ್ತಿದ್ದಾರೆ. ನಮ್ಮ ಕಡೆ ಜಾತ್ರೆ ಇದ್ದ ಹಾಗೇ: ಹೊಗೆ, ಡ್ರಮ್, ಕೊಳಲು, ದೋಣಿಯಲ್ಲಿ ಬಂದು ಇಳಿಯುವ ವ್ಯಾಪಾರಿಗಳು, ಕೋವಿ ಸದ್ದು. ಅಲ್ಲಿ ನಿಂತಿರುವ ಮರದ ಕಟ್ಟಡ ಮಾತ್ರ 1930ರದು, ನಿಜವಾದ ಕೋಟೆ ಇದ್ದಿದ್ದು ನದಿಯಗುಂಟ ಇನ್ನೊಂದು ಮೈಲಿ ಕೆಳಗೆ.

ಕಾನರ್ ಪ್ರೇರಿ ಇರೋದು ಇಂಡಿಯಾನಾಪೊಲಿಸ್ ಪಕ್ಕದ ಫಿಷರ್ಸ್‌ನಲ್ಲಿ. ಇದು ಖಾಯಂ ಮ್ಯೂಸಿಯಂ, ಬೇಸಿಗೆಯಲ್ಲಿ ಆರಾಮಾಗಿ ಹೋಗಬಹುದು. ಅಲ್ಲಿನ 1836ರ ಹಳ್ಳಿಯಲ್ಲಿ ಮೇಷ್ಟ್ರು, ಕಮ್ಮಾರ, ಕುಂಬಾರ ಎಲ್ಲರೂ ಆ ವರ್ಷದಲ್ಲೇ ಬದುಕುತ್ತಿರುವವರ ಹಾಗೆ ಮಾತಾಡುತ್ತಾರೆ. ನನ್ನ ಮಗ ಕುಲುಮೆ ಮುಂದೆ ನಿಂತು ಫೋನ್ ತೋರಿಸಿದರೆ ಕಮ್ಮಾರ ತಿದಿ ಎಳೆಯೋದು ನಿಲ್ಲಿಸಿ, ಅದನ್ನೊಮ್ಮೆ ಹಿಂದೆ ಮುಂದೆ ನೋಡಿ, ಇದು ಯಾವ ಲೋಹ ಅಂತ ಕೇಳಿದ. ಮಗ ಬಾಯಿ ಬಿಟ್ಟುಕೊಂಡು ನಿಂತ!

ಹಂಟರ್ಸ್ ಮೂನ್‌ನಲ್ಲಿ ನಾವು ಮಾತಾಡಿಸಿದವರು ಬೇರೆ ಥರ. ಹೆಚ್ಚಿನವರು ಹಳೇ ಕಾಲದ ವೇಷದ ಹುಚ್ಚು ಹಿಡಿಸಿಕೊಂಡವರು, ಅಲ್ಲೇ ಗುಡಾರ ಹಾಕಿ ಮಲಗುತ್ತಾರೆ. ಕೋಟಿನ ಗುಂಡಿ ಯಾವ ಮೂಳೆಯದು, ಹೊಲಿಯೋಕೆ ಎಷ್ಟು ವಾರ ಹಿಡಿಯಿತು ಅಂತ ಒಬ್ಬರು ಇಂದಿನವರಾಗಿಯೇ ವಿವರಿಸಿದರು. ಇನ್ನೊಬ್ಬರು ಸುಟ್ಟು ಕರಕು ಮಾಡಿದ ಬಟ್ಟೆ ಹಿಡಿದು ಚಕಮಕಿ ಕಲ್ಲಿಗೆ ಉಕ್ಕು ಬಡಿದು, ಬಟ್ಟೆಗೆ ಕಿಡಿ ಹತ್ತಿದ ತಕ್ಷಣ ಅದನ್ನು ನಾರಿನ ಉಂಡೆಯಲ್ಲಿಟ್ಟು ಊದಿ ಬೆಂಕಿ ಮಾಡಿ ತೋರಿಸಿದರು. ನಮ್ಮತ್ತೆಗೆ ಇಡೀ ದಿನದಲ್ಲಿ ಇಷ್ಟವಾಗಿದ್ದು ಇದೊಂದೇ.

ವಯಸ್ಸಾದವರು, ಪುಟ್ಟ ಮಕ್ಕಳಿದ್ದರೆ ಕಣ್ಣು ಮುಚ್ಚಿಕೊಂಡು ಕಾನರ್ ಪ್ರೇರಿಗೆ ಹೋಗಿ. ಜನ ಕಡಿಮೆ, ಕೂರೋಕೆ ಜಾಗ ಜಾಸ್ತಿ. ಹಂಟರ್ಸ್ ಮೂನ್‌ನಲ್ಲಿ ಮಳೆ ಬಂದರೆ ಕೆಸರು, ಬಿಸಿಲಿದ್ದರೆ ಧೂಳು, ಮಧ್ಯಾಹ್ನವಂತೂ ಕಾಲಿಡೋಕೆ ಜಾಗ ಇರಲ್ಲ. ಕೋವಿ ಸದ್ದಿಗೆ ನಮ್ಮ ಚಿಕ್ಕವಳು ಕಿವಿ ಮುಚ್ಚಿಕೊಂಡವಳು ಕಾರಿಗೆ ಬರೋವರೆಗೂ ಕೈ ತೆಗೆಯಲಿಲ್ಲ.

ಇನ್ನೊಂದು ವಿಷಯ, ನನಗೆ ಇದು ಮುಖ್ಯ. ಕಾನರ್ ಪ್ರೇರಿಯಲ್ಲಿ ಲೆನಾಪೆ ಅನ್ನೋ ಮೂಲನಿವಾಸಿ ಜನರ ಬಿಡಾರವೂ ಇದೆ. ಈ ಜಾಗಕ್ಕೆ ಹೆಸರು ಕೊಟ್ಟ ತುಪ್ಪಳದ ವ್ಯಾಪಾರಿ ವಿಲಿಯಂ ಕಾನರ್‌ನ ಮೊದಲ ಹೆಂಡತಿ ಮೆಕಿಂಜಸ್ ಲೆನಾಪೆಯವಳು. 1818ರ ಒಪ್ಪಂದದಲ್ಲಿ ಅವಳ ಜನ ನೆಲ ಬಿಟ್ಟುಕೊಡಬೇಕಾಯಿತು, 1820ರಲ್ಲಿ ಅವಳು ಮಕ್ಕಳ ಜೊತೆ ಪಶ್ಚಿಮಕ್ಕೆ ಹೊರಟಳು. ಕಾನರ್ ಇಲ್ಲೇ ಉಳಿದು ಬೇರೆ ಮದುವೆಯಾಗಿ 1823ರಲ್ಲಿ ದೊಡ್ಡ ಇಟ್ಟಿಗೆ ಮನೆ ಕಟ್ಟಿಸಿದ. ಆ ಮನೆ ಮುಂದೆ ನಿಂತು ಮಕ್ಕಳಿಗೆ ಇದನ್ನು ಹೇಳಬಹುದು. ವಿಯಾಟೆನಾನ್ ಸುತ್ತಲಿನ ಮೂಲನಿವಾಸಿಗಳ ಹಳ್ಳಿಗಳನ್ನೂ 1791ರಲ್ಲಿ ಅಮೆರಿಕದ ಸೈನ್ಯ ಸುಟ್ಟುಹಾಕಿತು, ಆದರೆ ಜಾತ್ರೆ ಗದ್ದಲದಲ್ಲಿ ಅದನ್ನೆಲ್ಲ ಹೇಳೋಕೆ ಎಲ್ಲಿ ಆಗುತ್ತೆ?

ಇಷ್ಟಾದರೂ ಮತ್ತೆ ಯಾವುದಕ್ಕೆ ಹೋಗ್ತೀಯಾ ಅಂದರೆ ನಾನು ಹಂಟರ್ಸ್ ಮೂನ್ ಅಂತಲೇ ಹೇಳೋದು, ದೊಡ್ಡ ಮಗನನ್ನು ಮಾತ್ರ ಕರೆದುಕೊಂಡು. ಬೆಳಿಗ್ಗೆ ಬೇಗ ಹೋಗಿ, ಕೈಯಲ್ಲಿ ಸ್ವಲ್ಪ ನಗದು ಇರಲಿ. ಊಟ ಸೌದೆ ಒಲೆಯದು, ಆದರೆ ಕಾಡೆಮ್ಮೆ ಮಾಂಸ, ಸ್ಟೂ ಅಂತ ಬಾಡೂಟವೇ ಜಾಸ್ತಿ. ಸಸ್ಯಾಹಾರಿಗಳು ಕರಿದ ತಿಂಡಿ ಕಂಡರೂ ಎಣ್ಣೆಯೋ ಕೊಬ್ಬೋ ಅಂತ ಕೇಳಿಯೇ ತಗೊಳ್ಳಿ, ಕಾರಲ್ಲಿ ಒಂದು ಡಬ್ಬಿ ಚಿತ್ರಾನ್ನ ಇಟ್ಟುಕೊಂಡರೆ ಇನ್ನೂ ಒಳ್ಳೇದು.