ಎಡಗೈ ತೋರುಬೆರಳಿನ ಶಾಯಿ: ಮಾಲು ಚೆನ್ನಾಗಿದೆ, ಜೊತೆಗೆ ಬರುವುದು ಸರಿಯಿಲ್ಲ

ಮೊದಲೇ ಹೇಳಿಬಿಡ್ತೀನಿ, ಇದು ಅಂಗಡಿಯಲ್ಲಿ ಸಿಗುವುದಿಲ್ಲ. ದುಡ್ಡು ಕೊಡ್ತೀನಿ ಅಂದರೂ ಕೊಡಲ್ಲ. ಬೇಕಿದ್ದರೆ ವೋಟಿನ ದಿನ ಸಾಲಿನಲ್ಲಿ ನಿಲ್ಲಬೇಕು, ಅಷ್ಟೇ. ನಾನು ನಿಂತದ್ದು 2023ರ ಮೇ 10ರಂದು, ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ. ಟೀಚರಮ್ಮ ಒಬ್ಬರು ನನ್ನ ಬೆರಳು ಹಿಡಿದು, ಉಗುರನ್ನು ಬಟ್ಟೆಯಲ್ಲಿ ಒರೆಸಿ, ತುದಿಯಿಂದ ಮೊದಲ ಗೆಣ್ಣಿನ ತನಕ ಒಂದು ಗೆರೆ ಎಳೆದರು. "ಒಣಗೋ ತನಕ ಸೆರಗಿಗೆ ತಾಗಿಸಬೇಡಿ ಅಮ್ಮ" ಅಂದರು. ತಾಗಿಸಿದೆ. ಆ ಸೀರೆಯಲ್ಲಿ ಕಲೆ ಇನ್ನೂ ಇದೆ.

ಮಾಲಿನ ಗುಣಮಟ್ಟದ ಬಗ್ಗೆ ಎರಡು ಮಾತಿಲ್ಲ. ನಿಂಬೆಹಣ್ಣು ಉಜ್ಜಿದೆ, ಹುಣಸೆಹಣ್ಣು ಉಜ್ಜಿದೆ, ಮಗಳ ನೈಲ್ ಪಾಲಿಶ್ ತೆಗೆಯುವ ನೀರನ್ನೂ ಹಾಕಿ ನೋಡಿದೆ. ಪಾತ್ರೆ ತಿಕ್ಕುವ ಪುಡಿ ಹಾಕು ಅಂತ ಅತ್ತೆ ಹೇಳಿದರು, ಅದರಿಂದ ಬೆರಳು ಉರಿಯಿತೇ ಹೊರತು ಶಾಯಿ ಜಗ್ಗಲಿಲ್ಲ. ಚರ್ಮದ ಮೇಲಿನದು ಎರಡು ವಾರದಲ್ಲಿ ಮಾಸಿತು. ಉಗುರಿನ ಬುಡದ್ದು ಹೋಗುವುದಕ್ಕೆ ಮೂರು ತಿಂಗಳೇ ಹಿಡಿಯಿತು, ಅದೂ ಉಗುರು ಬೆಳೆದು ಕತ್ತರಿಸಿದ್ದಕ್ಕೆ. ಒಳಗೆ ಇರುವುದು ಸಿಲ್ವರ್ ನೈಟ್ರೇಟ್. ಬೆವರಿನ ಉಪ್ಪಿನ ಜೊತೆ ಸೇರಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಬೆಳಕು ಬಿದ್ದ ಮೇಲೆ ಕಪ್ಪಾಗುತ್ತದೆ. ಬಣ್ಣ ಬಳಿದ ಹಾಗಲ್ಲ, ಅದಕ್ಕೇ ತೊಳೆದರೆ ಹೋಗಲ್ಲ.

ತಯಾರಾಗುವುದು ನಮ್ಮ ಮೈಸೂರಿನಲ್ಲೇ, ಬನ್ನಿಮಂಟಪದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆಯಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅರಗು ಮತ್ತು ಬಣ್ಣದ ಕಾರ್ಖಾನೆ ಅಂತ ಶುರು ಮಾಡಿಸಿದ್ದು, ಈಗ ರಾಜ್ಯ ಸರ್ಕಾರದ್ದು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಇಲ್ಲಿಂದಲೇ ಶಾಯಿ ಹೋಗುತ್ತಿದೆ. 10 ಎಂಎಲ್ ಬಾಟಲಿ ಒಂದರಲ್ಲಿ ಸುಮಾರು 700 ಜನರ ಬೆರಳಿಗೆ ಹಾಕಬಹುದಂತೆ. 2024ರ ಲೋಕಸಭೆ ಚುನಾವಣೆಗೆ 26 ಲಕ್ಷಕ್ಕೂ ಜಾಸ್ತಿ ಬಾಟಲಿ ಹೋಗಿದೆ. ಹೊರದೇಶಕ್ಕೂ ಹೋಗುತ್ತದೆ. ಮೈಸೂರು ಪಾಕ್ ಬಗ್ಗೆ ಜಂಬ ಪಡುವವರು ಇದರ ಬಗ್ಗೆಯೂ ಸ್ವಲ್ಪ ಪಡಬಹುದು.

ಶಾಯಿಗೆ ಐದಕ್ಕೆ ಐದು ಸ್ಟಾರ್. ನನ್ನ ತಕರಾರು ಅದರ ಜೊತೆಗೆ ಬರುವ ಸರ್ವಿಸ್ ಬಗ್ಗೆ.

ನಮ್ಮ ಮನೆ ಮುಂದೆ ಚರಂಡಿಯ ಚಪ್ಪಡಿಯೊಂದು ಒಡೆದಿದೆ. ವೋಟಿಗೆ ನಾಲ್ಕು ದಿನ ಮುಂಚೆ ಕ್ಯಾಂಡಿಡೇಟ್ ಬಂದಿದ್ದರು, ಯಾರು ಅಂತ ಹೇಳಲ್ಲ, ಯಾವ ಪಕ್ಷ ಅಂತಲೂ ಹೇಳಲ್ಲ. ನಮ್ಮ ಜಗಲಿಯಲ್ಲೇ ಕೂತು ಟೀ ಕುಡಿದರು. ಅತ್ತೆಯ ಕಾಲಿಗೆ ಬಿದ್ದರು. ಚಪ್ಪಡಿ ನೋಡಿ "ಅಯ್ಯೋ, ಇದೊಂದು ಕೆಲಸಾನಾ ಅಮ್ಮ, ಗೆದ್ದ ವಾರದಲ್ಲೇ ಮಾಡಿಸ್ತೀನಿ" ಅಂದರು. ಗೆದ್ದರು. ಶಾಯಿ ಇರುವ ಅದೇ ಬೆರಳಲ್ಲಿ ಪಿಎಗೆ ಫೋನ್ ಒತ್ತಿದೆ. ಸಾಹೇಬ್ರು ಮೀಟಿಂಗಲ್ಲಿದ್ದಾರೆ. ಮಾರನೇ ವಾರ ಸಾಹೇಬ್ರು ಬೆಂಗಳೂರಲ್ಲಿ. ಆಮೇಲೆ ಪಿಎ ನಂಬರೇ ಬದಲಾಯಿತು. ನನ್ನ ಉಗುರಿನ ಕಲೆ ಹೋಯಿತು, 2024ರಲ್ಲಿ ಮತ್ತೊಂದು ಹಾಕಿಸಿಕೊಂಡೆ, ಅದೂ ಹೋಯಿತು. ಚಪ್ಪಡಿ ಮಾತ್ರ ಹಾಗೇ ಇದೆ.

ಯೋಚನೆ ಮಾಡಿ ನೋಡಿ, ಈ ಶಾಯಿ ಇರುವುದು ನಾವು ಎರಡನೇ ಸಲ ವೋಟು ಹಾಕಿ ಮೋಸ ಮಾಡಬಾರದು ಅಂತ. ಸರಿ, ಒಪ್ಪಿದೆ. 2016ರಲ್ಲಿ ನೋಟು ಬದಲಿಸೋಕೆ ಬ್ಯಾಂಕಿನ ಮುಂದೆ ನಿಂತವರ ಬಲಗೈ ಬೆರಳಿಗೂ ಇದನ್ನೇ ಹಾಕಿಸಿದರು. ಅಂದರೆ ಗುರುತು ಹಾಕಿಸಿಕೊಳ್ಳುವುದು ಯಾವಾಗಲೂ ಸಾಲಿನಲ್ಲಿ ನಿಂತವರು. ಗೆದ್ದು ಕುರ್ಚಿ ಹತ್ತಿದವರಿಗೆ ಯಾವ ಗುರುತೂ ಇಲ್ಲ.

2018ರಲ್ಲಿ ಜನ ಒಂದು ಪಕ್ಷ ನೋಡಿ ಬೆರಳು ಕಪ್ಪು ಮಾಡಿಕೊಂಡರು. ಮಾರನೇ ವರ್ಷ 17 ಶಾಸಕರು ರಾಜೀನಾಮೆ, ಬಂಡಾಯ ಅಂತ ಸರ್ಕಾರವನ್ನೇ ಬೀಳಿಸಿದರು. ಸ್ಪೀಕರ್ ಅನರ್ಹ ಮಾಡಿದರು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಉಪಚುನಾವಣೆ, ಅದೇ ಊರು, ಅದೇ ಬೆರಳು, ಮತ್ತೊಂದು ಬಾಟಲಿ ಶಾಯಿ. ಅನರ್ಹರಾದವರಲ್ಲಿ ಹೆಚ್ಚಿನವರು ಇನ್ನೊಂದು ಪಕ್ಷದ ಚಿಹ್ನೆಯಲ್ಲಿ ಗೆದ್ದೂ ಬಂದರು. ಇದರಲ್ಲಿ ನಮ್ಮದೂ ತಪ್ಪಿದೆ ಬಿಡಿ, ಗೆಲ್ಲಿಸಿದ್ದು ನಾವೇ ಅಲ್ವಾ. ಆದರೂ ಪಕ್ಷ ಬಿಟ್ಟು ಹಾರಿದವರು ಆ ವಿಧಾನಸಭೆಯ ಅವಧಿ ಮುಗಿಯೋ ತನಕ ನಿಲ್ಲುವ ಹಾಗಿಲ್ಲ ಅಂತ ಒಂದು ಸಾಲು ಕಾನೂನಿನಲ್ಲಿ ಸೇರಿಸಿದರೆ ಯಾರ ಗಂಟು ಹೋಗುತ್ತದೆ? ಗೊತ್ತು, ಸೇರಿಸಬೇಕಾದವರ ಗಂಟೇ.

ಇನ್ನು ಕೆಲವು ಕಡೆ ಬಾಟಲಿ ತೆರೆಯೋದೇ ಇಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಬೆಂಗಳೂರು ಪಾಲಿಕೆಯದ್ದು 2020ರ ಸೆಪ್ಟೆಂಬರ್‌ನಲ್ಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ. ಇವರು ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆದರು. ಯಾವ ಪಕ್ಷದ ಸರ್ಕಾರ ಬಂದರೂ ಈ ವಿಷಯದಲ್ಲಿ ಒಂದೇ ಮನೆಯವರು. ಸಂಬಳದ ವಿಷಯಕ್ಕೆ ಬಂದರೆ ತಡವೇ ಇಲ್ಲ. 2025ರ ಮಾರ್ಚ್‌ನಲ್ಲಿ ಸದನದಲ್ಲಿ ಗಲಾಟೆ ನಡೆಯುತ್ತಿರುವಾಗಲೇ, ಚರ್ಚೆಯೇ ಇಲ್ಲದೆ, ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರ ಆಯಿತು. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಅಂತ 2005ರಲ್ಲಿ ಅವರೇ ಮಾಡಿಕೊಂಡ ಕಾನೂನು ಯಾವ ಕಪಾಟಿನಲ್ಲಿದೆಯೋ.

ನನಗೆ ಇಷ್ಟವಾದ ಒಂದು ವಿಷಯ ಮಧ್ಯಪ್ರದೇಶ, ಛತ್ತೀಸಗಢದ ಕಡೆಯದು. ಅಲ್ಲಿನ ಕೆಲವು ಊರುಗಳಲ್ಲಿ ಪುರಸಭೆ ಅಧ್ಯಕ್ಷರನ್ನು ಜನರೇ ವೋಟು ಹಾಕಿ ಮನೆಗೆ ಕಳಿಸಿದ್ದಾರೆ. ಆ ವೋಟಿನಲ್ಲಿ ಎರಡೇ ಚಿತ್ರ: ಒಂದು ಖಾಲಿ ಕುರ್ಚಿ, ಇನ್ನೊಂದು ಜನ ಕೂತಿರುವ ಕುರ್ಚಿ. ಎಷ್ಟು ಸಲೀಸು ನೋಡಿ. ಶಾಸಕರಿಗೂ ಇದು ಬಂದರೆ ಸೋತವರು ದುಡ್ಡು ಚೆಲ್ಲಿ ಆರಾರು ತಿಂಗಳಿಗೆ ಗಲಾಟೆ ಎಬ್ಬಿಸ್ತಾರೆ ಅಂತ ನಮ್ಮ ಯಜಮಾನರ ವಾದ. ಇರಬಹುದು. ಹಾಗಾದರೆ ಮೊದಲ ಎರಡು ವರ್ಷ ಮುಟ್ಟಬಾರದು ಅಂತ ನಿಯಮ ಮಾಡಲಿ. ಸಾಹೇಬ್ರು ಮೀಟಿಂಗಲ್ಲಿದ್ದಾರೆ ಅನ್ನುವ ಮಾತು ಕಡಿಮೆಯಾದರೆ ನನಗೆ ಅಷ್ಟೇ ಸಾಕು.

ಲಾಭ ಏನೂ ಇಲ್ಲ ಅಂತಲ್ಲ. ವೋಟಿನ ದಿನ ಬೆಂಗಳೂರಿನ ಕೆಲವು ಹೋಟೆಲುಗಳಲ್ಲಿ ಶಾಯಿ ತೋರಿಸಿದವರಿಗೆ ದೋಸೆ ಪುಕ್ಕಟೆ. ಈ ಬೆರಳು ತೋರಿಸಿದರೆ ಅವತ್ತೇ ಕೈಗೆ ಸಿಗುವುದು ಅಂದರೆ ಅದೊಂದೇ.

ಮೊನ್ನೆ ಅತ್ತೆ ಒಡೆದ ಚಪ್ಪಡಿಯ ಮೇಲೆ ಹಳೇ ಮಣೆಯೊಂದನ್ನು ಅಡ್ಡ ಇಟ್ಟು, ರಾತ್ರಿ ಯಾರೂ ಎಡವಬಾರದು ಅಂತ ಸುತ್ತ ಸುಣ್ಣದಲ್ಲಿ ಗೆರೆ ಹಾಕಿದರು. ಸಂಜೆ ಮಳೆ ಬಂತು, ಸುಣ್ಣ ತೊಳೆದುಹೋಯಿತು. "ಆ ವೋಟಿನ ಶಾಯಿ ಒಂದು ಬಾಟಲಿ ಸಿಗುತ್ತೇನೇ?" ಅಂತ ಕೇಳಿದರು. ಅಂಗಡಿಯಲ್ಲಿ ಸಿಗಲ್ಲ ಅತ್ತೆ ಅಂದೆ.