ರಕ್ತ ಡಯಾಲಿಸಿಸ್ಸೋ, ಹೊಟ್ಟೆಯ ಡಯಾಲಿಸಿಸ್ಸೋ?

ಮೂತ್ರಪಿಂಡ ಕೈಕೊಟ್ಟಾಗ ರಕ್ತದ ಕಸವನ್ನೂ ಹೆಚ್ಚಿನ ನೀರನ್ನೂ ತೆಗೆಯುವ ಚಿಕಿತ್ಸೆಯೇ ಡಯಾಲಿಸಿಸ್; ಅದರ ಎರಡು ಬಗೆಗಳಲ್ಲಿ ಯಾವುದು ಎಂಬ ಪ್ರಶ್ನೆ ಬಂದಾಗ, ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಪೆರ್ಲ ಕಡೆಯವರಿಗೆ ಮೊದಲ ಚಿಂತೆ ದಾರಿಯದ್ದೇ. ರಕ್ತ ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ಗಂಟೆ ಯಂತ್ರದ ಪಕ್ಕ. ಕಾಸರಗೋಡಿಗೋ ಮಂಗಳೂರಿಗೋ ಹೋಗಿಬರುವ ಹೊತ್ತು ಬೇರೆ. ಆದರೆ ಎಲ್ಲವನ್ನೂ ನರ್ಸ್‌ಗಳೇ ನೋಡಿಕೊಳ್ಳುತ್ತಾರೆ.

ಹೊಟ್ಟೆಯ ಡಯಾಲಿಸಿಸ್ ಮನೆಯಲ್ಲೇ ಆಗುತ್ತದೆ. ಹೊಟ್ಟೆಗೆ ಕೂರಿಸಿದ ಕೊಳವೆಯಿಂದ ಸುಮಾರು 2 ಲೀಟರ್ ದ್ರವ ತುಂಬಿಸಿ, ಕೆಲವು ಗಂಟೆಗಳ ನಂತರ ಹೊರಬಿಡಬೇಕು. ದಿನಕ್ಕೆ 3-4 ಬಾರಿ, ರಜೆಯಿಲ್ಲ. ಪಥ್ಯ ಸ್ವಲ್ಪ ಸಡಿಲ. ಶುಚಿತ್ವ ಮಾತ್ರ ಸಡಿಲವಾಗಕೂಡದು: ಹೊರಬಂದ ದ್ರವ ಕದಡಿದ್ದರೆ ಅಥವಾ ಹೊಟ್ಟೆ ನೋಯುತ್ತಿದ್ದರೆ ಸೋಂಕಿರಬಹುದು, ಅಂದೇ ಆಸ್ಪತ್ರೆಗೆ ಹೊರಡಿ.

ಜಡಿಮಳೆಯಲ್ಲಿ ಬಸ್ಸು ಕಾಯುವ ಹಿರಿಯರನ್ನು ನೆನೆದರೆ, ಮನೆಯಲ್ಲಿ ಶ್ರದ್ಧೆಯ ಸಹಾಯಕರೊಬ್ಬರಿದ್ದಲ್ಲಿ ನನ್ನ ಒಲವು ಹೊಟ್ಟೆಯ ಡಯಾಲಿಸಿಸ್‌ನತ್ತಲೇ. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಆಗಿದ್ದವರು ಮಾತ್ರ ಮೂತ್ರಪಿಂಡ ತಜ್ಞರಿಗೆ ಅದನ್ನು ಮೊದಲೇ ಹೇಳಲಿ.