ಜೀವಾಳ ಕೇಳಿಸಿದ್ದು ಯಾವುದರಲ್ಲಿ? ಮನೆಯ ಸ್ಟ್ರೀಮಿಂಗ್ ಸಂಗೀತಕ್ಕೆ ನಾಲ್ಕು ದಾರಿಗಳ ಹೋಲಿಕೆ

ಮೈಸೂರಿನ ನಮ್ಮ ಮನೆಯ ಹಾಲ್ 15 ಅಡಿ ಉದ್ದ, 12 ಅಡಿ ಅಗಲವಿದೆ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಗೋಡೆಗೆ ಗಾಜಿನ ಷೋಕೇಸ್, ಅದರ ಎದುರಿಗೆ ದಿವಾನ. ಹಳೆಯದೊಂದು ಸ್ಟೀರಿಯೊ ಆಂಪ್ಲಿಫೈಯರ್ ಹಾಗೂ ಐದು ಇಂಚಿನ ವೂಫರ್ (ಮಂದ್ರ ಸ್ವರ ನುಡಿಸುವ ಭಾಗ) ಉಳ್ಳ ಒಂದು ಜೊತೆ ಸ್ಪೀಕರ್‌ಗಳು ಇಲ್ಲಿನ ಸಂಗೀತದ ಆಸ್ತಿ. ಸಿ.ಡಿ. ಪ್ಲೇಯರ್ ಕೈಕೊಟ್ಟ ಮೇಲೆ ಹಾಡೆಲ್ಲ ಫೋನಿನಿಂದಲೇ ಬರತೊಡಗಿತು. ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್ ಇದ್ದರೂ ಮೊದಲಿನ ರುಚಿ ಸಿಗುತ್ತಿಲ್ಲವೆಂಬ ಕೊರಗು ಎರಡು ವರ್ಷ ಕಾಡಿದ್ದರಿಂದ, ಫೋನಿನಿಂದ ಆಂಪ್ಲಿಫೈಯರ್‌ವರೆಗೆ ಧ್ವನಿಯನ್ನು ಒಯ್ಯುವ ನಾಲ್ಕು ದಾರಿಗಳನ್ನು ಒಂದೊಂದಾಗಿ ತಂದು, ಕೂಡಿಸಿ, ಕೇಳಿ ನೋಡಿದೆನು. ಅವು ಬ್ಲೂಟೂತ್ ರಿಸೀವರ್, ಫೋನಿಗೆ ಸಿಕ್ಕಿಸುವ ಯುಎಸ್‌ಬಿ ಡಾಂಗಲ್, ಲ್ಯಾಪ್‌ಟಾಪ್‌ನೊಂದಿಗೆ ಪ್ರತ್ಯೇಕ ಡ್ಯಾಕ್, ಹಾಗೂ ವೈಫೈ ಸ್ಟ್ರೀಮರ್. ಡ್ಯಾಕ್ ಎಂದರೆ ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಅಲೆಯಾಗಿ ಮಾರ್ಪಡಿಸುವ ಭಾಗ. ಇದು ನಾಲ್ಕರಲ್ಲೂ ಒಂದಲ್ಲ ಒಂದು ಕಡೆ ಇದ್ದೇ ಇರುತ್ತದೆ.

ಕೇಳುವ ಕ್ರಮವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಹೋಲಿಕೆಗಳು ಹಾದಿ ತಪ್ಪುವುದು ಅಲ್ಲಿಯೇ. ಎರಡು ಸಾಧನಗಳಲ್ಲಿ ಯಾವುದು ಕೂದಲೆಳೆಯಷ್ಟು ಜೋರಾಗಿ ನುಡಿಯುತ್ತದೋ ಅದೇ ಹೆಚ್ಚು ಸ್ಪಷ್ಟ, ಹೆಚ್ಚು ತುಂಬು ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಜೋರಾಗಿದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಪಿಂಕ್ ನಾಯ್ಸ್ ಎಂಬ, ಮಳೆ ಸುರಿದಂತೆ ಒಂದೇ ಸಮನೆ ಮೊರೆಯುವ ಪರೀಕ್ಷಾ ಸದ್ದು ಹಾಕಿ, ನಾನು ಕೂರುವ ಜಾಗದಲ್ಲಿ ಫೋನಿನ ಡೆಸಿಬೆಲ್ ಮೀಟರ್ ಹಿಡಿದು, ಎರಡರ ಮಟ್ಟವನ್ನೂ ಸರಿಹೊಂದಿಸಿಕೊಂಡ ಬಳಿಕವೇ ಕೇಳಿದ್ದೇನೆ. ಆಮೇಲೆ ನಾನು ಅತ್ತ ನೋಡದೆ ಕೂತಿರುವಾಗ ಮಗಳು ಆಂಪ್ಲಿಫೈಯರ್‌ನ ಹಿಂದೆ ನಿಂತು ನಾಣ್ಯ ಚಿಮ್ಮಿ, ತಲೆ ಬಿದ್ದರೆ ಒಂದು ಸಾಧನ, ಬಾಲ ಬಿದ್ದರೆ ಇನ್ನೊಂದು ಎಂದು ಬದಲಿಸಿ, ನನ್ನ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಒಂದು ಜೋಡಿಗೆ 16 ಸರದಿ. ಸುಮ್ಮನೆ ಊಹಿಸಿದರೂ ಎಂಟು ಸರಿಯಾಗಬಹುದು. 12 ಅಥವಾ ಹೆಚ್ಚು ಸರಿಯಾಗುವುದು ಅದೃಷ್ಟದಿಂದ ನೂರಕ್ಕೆ ನಾಲ್ಕು ಸಲಕ್ಕಿಂತ ಕಡಿಮೆ. ಹಾಗಾಗಿ 12 ಮುಟ್ಟದ್ದನ್ನು ವ್ಯತ್ಯಾಸವೆಂದು ಒಪ್ಪಬಾರದೆಂದು ಅಪ್ಪ–ಮಗಳು ಮೊದಲೇ ಕರಾರು ಮಾಡಿಕೊಂಡಿದ್ದೆವು.

ಪರೀಕ್ಷೆಗೆ ಆರಿಸಿದ್ದು ಬರೀ ತಂಬೂರಿಯ ಶ್ರುತಿ, ಒಂದು ಒಂಟಿ ವೀಣೆ, ಮೃದಂಗದ ತನಿ (ಒಂಟಿ ವಾದನ), ಹಾಗೂ ಹೆಣ್ಣುದನಿಯ ಒಂದು ಭಾವಗೀತೆ. ಇವುಗಳಲ್ಲಿ ತಂಬೂರಿಯಂಥ ಕಠಿಣ ಪರೀಕ್ಷಕ ಇನ್ನೊಂದಿಲ್ಲ. ತಂತಿಗಳನ್ನು ಹೊರುವ ‘ಕುದುರೆ’ ಎಂಬ ಪಟ್ಟಿಯ ಮೇಲೆ, ತಂತಿಯ ಕೆಳಗೆ ಸೇರಿಸುವ ನೂಲಿನಿಂದ ಹುಟ್ಟುವ ಆ ಝೇಂಕಾರವನ್ನು ಕರ್ನಾಟಕ ಸಂಗೀತದವರು ಜೀವಾಳವೆಂದೂ ಹಿಂದೂಸ್ತಾನಿಯವರು ಜವಾರಿಯೆಂದೂ ಕರೆಯುತ್ತಾರೆ. ಅದರಲ್ಲಿ ಒಂದು ಸ್ವರದ ಮೇಲೆ ಹತ್ತಾರು ಅನುಸ್ವರಗಳು ಏರಿ ಇಳಿಯುತ್ತ ಹೋಗುತ್ತವೆ. ಧ್ವನಿಯನ್ನು ಹಿಂಡುವ, ಅಂದರೆ ಕಡತ ಚಿಕ್ಕದಾಗಲೆಂದು ಒತ್ತಿ ಕುಗ್ಗಿಸುವ ಯಾವುದೇ ವ್ಯವಸ್ಥೆ ಎಡವಿದರೆ ಆ ಏರಿಳಿತ ಮಂಕಾಗಿ, ಜೇನುಗೂಡಿನ ಮೇಲೆ ಕಂಬಳಿ ಹೊದಿಸಿದಂತೆ ಕೇಳುತ್ತದೆ.

ಮೊದಲು ಬ್ಲೂಟೂತ್. ಇದರ ಸುಖವನ್ನು ಅಲ್ಲಗಳೆಯಲಾರೆ: ರಿಸೀವರ್ ಅಗ್ಗ, ಮನೆಗೆ ಬಂದ ನೆಂಟರೂ ತಮ್ಮ ಫೋನಿನಿಂದ ಹಾಡು ಹಾಕಬಹುದು. ಆದರೆ ಒಳಗೆ ನಡೆಯುವುದೇ ಬೇರೆ. ಆ್ಯಪ್ ತರಿಸಿಕೊಂಡ ಹಾಡು ಮೊದಲೇ ಹಿಂಡಿದ್ದು. ಫೋನು ಅದನ್ನು ಬಿಡಿಸಿ, ಬ್ಲೂಟೂತ್‌ನಲ್ಲಿ ಸಾಗಿಸಲು ಮತ್ತೊಮ್ಮೆ ಹಿಂಡುತ್ತದೆ. ಒಗೆದ ಬಟ್ಟೆಯನ್ನು ಎರಡೆರಡು ಸಲ ಹಿಂಡಿದರೆ ನೂಲು ಸವೆಯುವುದು ಸಹಜ. ಎಲ್ಲ ಸಾಧನಗಳಲ್ಲೂ ಇರಲೇಬೇಕಾದ ಎಸ್‌ಬಿಸಿ ಕೋಡೆಕ್ (ಧ್ವನಿಯನ್ನು ಹಿಂಡಿ ಬಿಡಿಸುವ ವಿಧಾನ) ಉತ್ತಮ ಸ್ಥಿತಿಯಲ್ಲಿ ಸೆಕೆಂಡಿಗೆ 328 ಕಿಲೋಬಿಟ್ ಒಯ್ಯುತ್ತದೆ, ಸಿ.ಡಿ.ಯಲ್ಲಿ ಇರುವುದು 1411. ಸೋನಿಯವರ ಎಲ್‌ಡ್ಯಾಕ್ ಕೋಡೆಕ್ 330, 660, 990 ಎಂಬ ಮೂರು ಮೆಟ್ಟಿಲುಗಳಲ್ಲಿ ಕೆಲಸ ಮಾಡುತ್ತದೆ. ಸಿಗ್ನಲ್ ಚೆನ್ನಾಗಿಲ್ಲದಾಗ ತಾನಾಗಿ ಕೆಳಗಿಳಿಯುವುದರಿಂದ, 990ರಲ್ಲೇ ನಿಲ್ಲಬೇಕೆಂದರೆ ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಿಗೆ ಹೋಗಿ ಕೈಯಾರೆ ಬಿಗಿಮಾಡಬೇಕಾಯಿತು.

ಫಲಿತಾಂಶ ಹೀಗಿದೆ. ಎಸ್‌ಬಿಸಿ ರಿಸೀವರನ್ನು ವೈಫೈ ಸ್ಟ್ರೀಮರ್‌ಗೆ ಎದುರಾಗಿಟ್ಟಾಗ ತಂಬೂರಿಯಲ್ಲಿ 16ಕ್ಕೆ 14 ಸರಿ ಹೇಳಿದೆ. ಬೀಗಿಕೊಂಡು ಮಗಳಿಗೆ ಹೇಳಹೊರಟವನಿಗೆ ಇನ್ನೊಂದು ಅನುಮಾನ ಬಂತು. ಸಂಗೀತವನ್ನು ನಿಲ್ಲಿಸಿ ಸ್ಪೀಕರ್‌ಗೆ ಕಿವಿಕೊಟ್ಟೆ: ರಿಸೀವರ್‌ನಿಂದ ಸಣ್ಣಗೆ ಒಂದು ‘ಸ್ಸ್’ ಎಂಬ ಸದ್ದು ಸದಾ ಬರುತ್ತಿತ್ತು. ತಂಬೂರಿಯ ಮೀಟುಗಳ ನಡುವಿನ ಬಿಡುವಿನಲ್ಲಿ ನಾನು ಗುರುತು ಹಿಡಿದದ್ದು ಬಹುಶಃ ಕೋಡೆಕ್ಕನ್ನಲ್ಲ, ಅಗ್ಗದ ಡ್ಯಾಕಿನ ಆ ಸುಯ್ಲನ್ನು. ಎಲ್‌ಡ್ಯಾಕ್ ಇರುವ, ತುಸು ದುಬಾರಿಯಾದ ರಿಸೀವರ್ ತಂದು 990ಕ್ಕೆ ನಿಲ್ಲಿಸಿದಾಗ ಸುಯ್ಲೂ ಇರಲಿಲ್ಲ, ನನ್ನ ಜಾಣತನವೂ ಇರಲಿಲ್ಲ. ಸರಿಯಾದದ್ದು ಹತ್ತು ಮಾತ್ರ. ಆದರೂ ಬ್ಲೂಟೂತನ್ನು ನಾನು ಕೈಬಿಟ್ಟದ್ದು ಬೇರೆ ಕಾರಣಕ್ಕೆ. ಅದೂ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಓಡಾಡುವುದು ಅದೇ 2.4 ಗಿಗಾಹರ್ಟ್ಸ್ ಬೀದಿಯಲ್ಲಿ. ಹಾಲು ಬಿಸಿಗಿಟ್ಟರೆ ಆಲಾಪ ತುಂಡುತುಂಡಾಗುತ್ತಿತ್ತು. ಮೇಲಾಗಿ, ಫೋನಿಗೆ ಬಂದ ಒಟಿಪಿಯ ‘ಟಿಣ್’ ಎಂಬ ಸದ್ದು ಕೂಡ ಸ್ಪೀಕರ್‌ನಲ್ಲಿ ತಾರಸ್ಥಾಯಿಯಲ್ಲಿ ಮೊಳಗುತ್ತಿತ್ತು.

ಯುಎಸ್‌ಬಿ ಡಾಂಗಲ್‌ನ ವಿಚಾರ ಚಿಕ್ಕದು. ಹೆಬ್ಬೆರಳಿನಷ್ಟು ಗಾತ್ರದ, ಸಾವಿರ ರೂಪಾಯಿಯ ಆಸುಪಾಸಿನ ಈ ವಸ್ತುವಿನೊಳಗೆ ಪೂರ್ಣ ಡ್ಯಾಕ್ ಇದೆ. ಸದ್ದಿನ ಮಟ್ಟಿಗೆ ಅದನ್ನು ಸ್ಟ್ರೀಮರ್‌ನಿಂದ ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ಆಂಡ್ರಾಯ್ಡ್ ಸಾಮಾನ್ಯವಾಗಿ ಎಲ್ಲ ಸದ್ದನ್ನೂ 48 ಕಿಲೋಹರ್ಟ್ಸ್‌ಗೆ (ಸೆಕೆಂಡಿಗೆ 48 ಸಾವಿರ ಮಾದರಿಗಳಿಗೆ) ಬದಲಿಸಿ ಕಳಿಸುತ್ತದೆಂಬ ಆಕ್ಷೇಪ ಕಾಗದದ ಮೇಲೆ ನಿಜವಾದರೂ ನನ್ನ ಕಿವಿಗೆ ಎಟಕಲಿಲ್ಲ. ಕೊರತೆಯೆಂದರೆ ಫೋನು ಆಂಪ್ಲಿಫೈಯರ್‌ಗೆ ಕಟ್ಟಿಹಾಕಿದ ಎಮ್ಮೆಯಂತಾಗುವುದು: ಕರೆ ಬಂದರೆ ತಂತಿ ಕೀಳಬೇಕು, ಹಾಡು ಬದಲಿಸಲು ದಿವಾನದಿಂದ ಏಳಬೇಕು. ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲು ಮನಸ್ಸಿಲ್ಲದವರಿಗೆ ನಾನು ಮೊದಲು ಹೇಳುವುದು ಮಾತ್ರ ಇದನ್ನೇ.

ಲ್ಯಾಪ್‌ಟಾಪ್ ಮತ್ತು ಡ್ಯಾಕ್‌ಗಳ ಜೋಡಿಯ ಮೇಲೆ ನನಗೆ ಬಹಳ ಭರವಸೆಯಿತ್ತು, ಅತಿ ಹೆಚ್ಚು ತಲೆನೋವು ಕೊಟ್ಟದ್ದೂ ಅದೇ. ಚಾರ್ಜರ್ ಸಿಕ್ಕಿಸಿದೊಡನೆ ಸ್ಪೀಕರ್‌ಗಳಿಂದ ‘ಗುಂಯ್’ ಎನ್ನುವ ಸದ್ದು ಶುರುವಾಗುತ್ತಿತ್ತು, ಕಿತ್ತರೆ ನಿಲ್ಲುತ್ತಿತ್ತು. ಡ್ಯಾಕ್ ಕೆಟ್ಟಿದೆಯೆಂದು ಅಂಗಡಿಗೆ ಒಯ್ದರೆ, ಅಲ್ಲಿ ಗಿಳಿಯಂತೆ ನುಡಿಯಿತು. ನಿಜವಾದ ಕಾರಣ ಅರ್ಥ್ ತಂತಿಗಳು ಸುತ್ತುಹಾಕಿಕೊಂಡು ನಿರ್ಮಿಸಿದ ಉಂಗುರ: ಲ್ಯಾಪ್‌ಟಾಪ್ ಒಂದು ಸಾಕೆಟ್ಟಿನ ಮೂಲಕ, ಆಂಪ್ಲಿಫೈಯರ್ ಇನ್ನೊಂದರ ಮೂಲಕ ಅರ್ಥ್ ಆಗಿ, ಯುಎಸ್‌ಬಿ ಮತ್ತು ಆರ್‌ಸಿಎ ಕೇಬಲ್‌ಗಳು ಅವೆರಡನ್ನೂ ಬೆಸೆದಾಗ, ಎರಡು ಅರ್ಥ್‌ಗಳ ನಡುವಿನ ಅಲ್ಪಸ್ವಲ್ಪ ವ್ಯತ್ಯಾಸವೇ 50 ಹರ್ಟ್ಸ್‌ನ ಮೊರೆತವಾಗಿ ಸಂಗೀತದ ಹಾದಿಗೆ ನುಗ್ಗುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಬಿಡಿ ಎಂದು ಪರಿಚಿತ ಎಲೆಕ್ಟ್ರಿಷಿಯನ್ ಸಲಹೆ ಕೊಟ್ಟರು; ಅದು ಜೀವಕ್ಕೆ ಅಪಾಯ, ಯಾರೂ ಮಾಡಬಾರದು. ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿದಾಗ ಮೊರೆತ ಅರ್ಧಕ್ಕಿಳಿಯಿತು. ಪೂರ್ತಿ ಹೋದದ್ದು ಆಪ್ಟಿಕಲ್ ಕೇಬಲ್ ಬಳಸಿದಾಗ, ಏಕೆಂದರೆ ಅದರಲ್ಲಿ ಹರಿಯುವುದು ಬೆಳಕು. ಲೋಹದ ಕೊಂಡಿಯೇ ಇಲ್ಲದ ಮೇಲೆ ಮೊರೆತಕ್ಕೆ ದಾಟಲು ಸೇತುವೆಯಿಲ್ಲ.

ಕರೆಂಟು ಹೋದಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು, ಕತ್ತಲಲ್ಲಿ. ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್. ಅದು ಕೊಡುವ ವಿದ್ಯುತ್ತಿನ ಅಲೆ ನುಣುಪಾಗಿರದೆ ಮೆಟ್ಟಿಲು ಕಡಿದಂತಿರುವುದರಿಂದ ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್ ದುಂಬಿಯಂತೆ ಗೊಣಗುತ್ತದೆ, ಸ್ವಲ್ಪ ಗೊಣಗು ಸ್ಪೀಕರ್‌ಗೂ ಇಳಿಯುತ್ತದೆ. ಇದಕ್ಕೆ ನಾಲ್ಕು ದಾರಿಗಳಲ್ಲಿ ಯಾವುದೂ ಮದ್ದಲ್ಲ. ಸೈನ್ ವೇವ್ ಇನ್ವರ್ಟರೇ ಬೇಕು.

ವೈಫೈ ಸ್ಟ್ರೀಮರ್ ನನ್ನ ಮನೆಯಲ್ಲಿ ಉಳಿದುಕೊಂಡ ದಾರಿ. ಇಲ್ಲಿ ಫೋನು ಕೇವಲ ರಿಮೋಟ್. ಹಾಡು ಆರಿಸಿದ ಬಳಿಕ ಸ್ಟ್ರೀಮರೇ ಸರ್ವರ್‌ನಿಂದ ನೇರವಾಗಿ ತರಿಸಿಕೊಳ್ಳುವುದರಿಂದ ಎರಡನೆಯ ಹಿಂಡುವಿಕೆ ಇಲ್ಲ, ಒಟಿಪಿಯ ಟಿಣ್ ಇಲ್ಲ, ಫೋನು ಹಿಡಿದು ತರಕಾರಿಗೆ ಹೋದರೂ ಹಾಡು ನಿಲ್ಲುವುದಿಲ್ಲ. ಗೂಗಲ್ 2015ರಲ್ಲಿ ತಂದ ಕ್ರೋಮ್‌ಕಾಸ್ಟ್ ಆಡಿಯೊ ಎಂಬ ಪುಟ್ಟ ಬಿಲ್ಲೆ ಇದೇ ಕೆಲಸ ಮಾಡುತ್ತಿತ್ತು. 2019ರಲ್ಲಿ ಅದರ ತಯಾರಿಕೆ ನಿಂತಿತಾದರೂ ಹಳೆಯದು ಯಾರ ಬಳಿಯಾದರೂ ಇದ್ದರೆ ಎಸೆಯಬೇಕಾಗಿಲ್ಲ, ಅದರ 3.5 ಮಿಲಿಮೀಟರ್ ಕಿಂಡಿಯಲ್ಲೇ ಆಪ್ಟಿಕಲ್ ದಾರಿಯೂ ಇದೆ. ಕೈಯಲ್ಲಿ ಬಿಡುವಿದ್ದವರು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಡ್ಯಾಕ್ ಬೋರ್ಡ್ ಕೂರಿಸಿ, ವಾಲ್ಯೂಮಿಯೊ ಅಥವಾ ಮೂಡ್ ಆಡಿಯೊ ತಂತ್ರಾಂಶ ಹಾಕಿ ತಾವೇ ಮಾಡಿಕೊಳ್ಳಬಹುದು. ನಾನು ಅದನ್ನೂ ಮಾಡಿದೆ, ಎರಡು ಭಾನುವಾರ ಕಳೆದೆ. ಸದ್ದು ಸ್ಟ್ರೀಮರ್‌ನಷ್ಟೇ ಚೆನ್ನ, ಆದರೆ ಕರೆಂಟು ಹೋಗಿ ಬಂದಾಗ ಮೆಮೊರಿ ಕಾರ್ಡ್ ಹಾಳಾಗುವ ಭಯ ಬೆನ್ನಿಗಿತ್ತು. ಸ್ಟ್ರೀಮರ್‌ನ ಒಳಗಿನ ಡ್ಯಾಕನ್ನೂ ಹೊರಗಿನ ದುಬಾರಿ ಡ್ಯಾಕನ್ನೂ ಎದುರುಬದುರು ಇಟ್ಟಾಗ ಬಂದ ಅಂಕ 16ಕ್ಕೆ ಏಳು. ಊಹಿಸಿದ್ದರೆ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಹೊರಗಿನ ಡ್ಯಾಕನ್ನು ಮಾರಿಬಿಟ್ಟೆ.

ಲಾಸ್‌ಲೆಸ್, ಅಂದರೆ ಏನನ್ನೂ ಕಳೆದುಕೊಳ್ಳದೆ ಬರುವ ಸಂಗೀತದ ಬಗೆಗೂ ಒಂದು ಮಾತು. ಆ್ಯಪಲ್ ಮ್ಯೂಸಿಕ್ 2021ರಿಂದ ಹೆಚ್ಚುವರಿ ಹಣವಿಲ್ಲದೆ ಅದನ್ನು ಕೊಡುತ್ತಿದೆ. ಹಿಂಡಿದ 320 ಕಿಲೋಬಿಟ್ ಹಾಡು ಗಂಟೆಗೆ 144 ಮೆಗಾಬೈಟ್ ತಿಂದರೆ, ಸಿ.ಡಿ. ಗುಣಮಟ್ಟದ ಲಾಸ್‌ಲೆಸ್ ಸುಮಾರು ಅದರ ಮೂರು ಪಟ್ಟು ತಿನ್ನುತ್ತದೆ. ಮನೆಯ ಬ್ರಾಡ್‌ಬ್ಯಾಂಡ್‌ಗೆ ಅದೇನೂ ಹೊರೆಯಲ್ಲ. ಒಂದೇ ಧ್ವನಿಮುದ್ರಣದ ಎರಡು ರೂಪಗಳನ್ನು ಕೇಳಿದಾಗ ನಾನು ಸರಿ ಹೇಳಿದ್ದು ಒಂಬತ್ತು. ಆದರೆ ಆ್ಯಪಿನ ಸೆಟ್ಟಿಂಗ್‌ನಲ್ಲಿ ಗುಣಮಟ್ಟ ‘ಆಟೊಮ್ಯಾಟಿಕ್’ ಎಂದಿದ್ದುದನ್ನು ‘ಅತ್ಯುತ್ತಮ’ಕ್ಕೆ ತಿರುಗಿಸಿ, ಫೋನ್ ತಯಾರಕರು ಸೇರಿಸಿದ್ದ ಸರೌಂಡ್ ಎಫೆಕ್ಟನ್ನು ಬಂದ್ ಮಾಡಿದ್ದು ಮಾತ್ರ ಯಾವ ನಾಣ್ಯವೂ ಬೇಡದಷ್ಟು ಸ್ಪಷ್ಟವಾಗಿ ಕೇಳಿಸಿತು, ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಅಥವಾ ದೊರೆಸ್ವಾಮಿ ಅಯ್ಯಂಗಾರ್ಯರ ಹಳೆಯ ಮೋನೊ ಧ್ವನಿಮುದ್ರಣಗಳಿಗೆ ಲಾಸ್‌ಲೆಸ್ ಏನನ್ನೂ ಕೂಡಿಸದು. ಟೇಪಿನಲ್ಲಿ ಇಲ್ಲದ್ದು ತಂತಿಯಲ್ಲಿ ಬಾರದು.

ಇಷ್ಟೆಲ್ಲ ಆದ ಮೇಲೂ ಮೃದಂಗದ ತೊಪ್ಪಿ, ಅಂದರೆ ಮಂದ್ರ ನಾದದ ಎಡಮುಖ, ಕೊಡಪಾನಕ್ಕೆ ಗುದ್ದಿದಂತೆ ಕೇಳುತ್ತಿತ್ತು, ನಾಲ್ಕು ದಾರಿಗಳಲ್ಲೂ ಒಂದೇ ರೀತಿ. ಸಾಧನ ಬದಲಾದರೂ ಬದಲಾಗದ ದೋಷ ಸಾಧನದ್ದಲ್ಲವೆಂದು ಹೊಳೆಯಲು ನನಗೆ ಇಷ್ಟು ದಿನ ಬೇಕಾಯಿತು. ಹಾಲ್‌ನ ನಡುವೆ ನಿಂತು ಚಪ್ಪಾಳೆ ತಟ್ಟಿದೆ. ಟೈಲ್ಸ್ ಮತ್ತು ಗಾಜಿನ ನಡುವೆ ‘ಝರ್ರ್’ ಎಂದು ಮಾರ್ದನಿ ಓಡಿತು. ಸ್ಪೀಕರ್‌ಗಳು ಮೂಲೆಗೆ ಅಂಟಿಕೊಂಡಿದ್ದವು, ದಿವಾನ ಹಿಂಗೋಡೆಗೆ ಅಂಟಿಕೊಂಡಿತ್ತು. ಮಂದ್ರ ಸ್ವರಗಳು ಗೋಡೆಯ ಬುಡದಲ್ಲಿ ಉಬ್ಬುತ್ತವೆ. 12 ಅಡಿಯ ಅಗಲದಲ್ಲಿ 47 ಹರ್ಟ್ಸ್ ಹಾಗೂ ಅದರ ಎರಡರಷ್ಟಾದ 94ರ ಸುತ್ತ ಅಲೆಗಳು ಗೋಡೆಯಿಂದ ಗೋಡೆಗೆ ಬಡಿದು ನಿಂತುಬಿಡುತ್ತವೆ. ಮೊಳದಷ್ಟೂ ಅಂತರವಿಲ್ಲದಿದ್ದ ಸ್ಪೀಕರ್‌ಗಳನ್ನು ಗೋಡೆಯಿಂದ ಎರಡು ಅಡಿ ಮುಂದಕ್ಕೆ ತಂದು, ಅವುಗಳ ನಡುವೆ ಆರು ಅಡಿ, ಪ್ರತಿಯೊಂದರಿಂದ ನನ್ನ ತಲೆಗೂ ಆರು ಅಡಿ ಬರುವಂತೆ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿದೆ. ಟ್ವೀಟರ್ (ಸ್ಪೀಕರ್‌ನಲ್ಲಿ ತಾರ ಸ್ವರ ನುಡಿಸುವ ಭಾಗ) ಕಿವಿಯ ಎತ್ತರಕ್ಕೆ ಬರಲೆಂದು ಕೆಳಗೆ ಹಳೆಯ ಮರದ ಮಣೆಗಳು ಸೇರಿದವು. ಮಗಳು ಮುಖ ನೋಡುವ ಕನ್ನಡಿಯನ್ನು ಪಕ್ಕದ ಗೋಡೆಯುದ್ದಕ್ಕೂ ಸರಿಸುತ್ತ ಹೋದಳು. ಕೂತಲ್ಲಿಂದ ಕನ್ನಡಿಯೊಳಗೆ ಸ್ಪೀಕರ್ ಎಲ್ಲಿ ಕಂಡಿತೋ ಅಲ್ಲಿಂದಲೇ ಸದ್ದು ಪುಟಿದು ಬರುವುದಾದ್ದರಿಂದ ಅಲ್ಲಿ ದಪ್ಪ ಪರದೆ ಬಂತು. ಮದುವೆಗಳಿಗೆಂದು ಅಟ್ಟದಲ್ಲಿಟ್ಟಿದ್ದ ಜಮಖಾನ ನೆಲಕ್ಕಿಳಿಯಿತು.

ಆ ಸಂಜೆ ಅದೇ ತನಿಯನ್ನು ಹಾಕಿದಾಗ ತೊಪ್ಪಿಯ ಗುಂಕಿ (ಜಾರುವ ಮಂದ್ರ ನಾದ) ಗುಂಡಗೆ ಎದ್ದು, ತನ್ನಷ್ಟಕ್ಕೆ ಅಡಗಿತು. ಅಡುಗೆಮನೆಯಿಂದ ನನ್ನಾಕೆ ಹೊರಗೆ ಬಂದು, “ಹೊಸ ಸ್ಪೀಕರ್ ಯಾವಾಗ ತಂದಿರಿ?” ಎಂದು ಕೇಳಿದಳು. ತಂಬೂರಿಯಲ್ಲಿ ಜೀವಾಳದ ಎಳೆಗಳು ಒಂದೊಂದಾಗಿ ಬಿಡಿಸಿಕೊಂಡು, ಎರಡು ಸ್ಪೀಕರ್‌ಗಳ ನಡುವೆ, ಯಾರೂ ಇಲ್ಲದ ಜಾಗದಲ್ಲಿ ಕೂತು ನುಡಿಯುತ್ತಿದ್ದವು.

ಗೌರಿ ಹಬ್ಬಕ್ಕೆ ಮನೆ ಒರೆಸುವಾಗ ಜಮಖಾನವನ್ನು ಎತ್ತಿ ಮಹಡಿಯ ಮೇಲೆ ಬಿಸಿಲಿಗೆ ಹಾಕಿದ್ದಾರೆ. ಸ್ಟ್ರೀಮರ್ ಅದೇ, ಹಾಡು ಅದೇ. ಕೊಡಪಾನ ಮತ್ತೆ ಅಷ್ಟಿಷ್ಟು ಕೇಳಿಸುತ್ತಿದೆ.